ಪರದೇಶದಲ್ಲಿ ಪತ್ನಿಯ ಕಾಯಕ

ವಿವಾಹದ ಮಾತುಕತೆಗೆ ಮುನ್ನ ಆಶೀರ್ವಾದ ಬೇಡಿ ಶ್ರೀಮಠಕ್ಕೆ ಬರುವ ಹಿರಿಯರು ವರನ ವಿದ್ಯೆ, ಉದ್ಯೋಗ, ಸಂಬಳಗಳೊಂದಿಗೆ ಅವನು ಯಾವ ದೇಶದಲ್ಲಿರುವನೆಂಬುದನ್ನೂ ಇತ್ತೀಚಿನ ವರ್ಷಗಳಲ್ಲಿ ಅಭಿಮಾನದಿಂದ ನಿವೇದಿಸುತ್ತಾರೆ. ಕನ್ಯೆಯೂ ಓದಿದವಳೇ. ಎಂ.ಎ., ಬಿ.ಎಡ್. ಮುಗಿಸಿ ಎರಡು ಮೂರು ವರ್ಷ ಪಾಠ ಹೇಳಿದವಳೂ ಆಗಿರುವುದುಂಟು. ವರನ ವೀಸಾ ಎಷ್ಟು ವರ್ಷದ್ದೆಂದು ಕೇಳಲಾಗುತ್ತದೆ. ಆ ದೇಶದ ಚಳಿ ಎಂಥದೆಂದು ವಿಚಾರಿಸಲಾಗುತ್ತದೆ. ಆದರೆ ಅಲ್ಲಿಗೆ ಹೋದ ಮೇಲೆ ಈ ಮಗಳ ವಿದ್ಯೆ ಏನಾಗುವುದು, ಅವಳಿಗೆ ಕೆಲಸ ಮಾಡಲು ಆ ದೇಶದ ಕಾಯಿದೆ ಸಮ್ಮತಿಸುವುದೇ ಎಂದು ಕೇಳಿದ ತಂದೆತಾಯಿಗಳನ್ನು ನಾವು ಬಹು ವಿರಳವಾಗಿ ಕಂಡಿದ್ದೇವೆ. ಈ ಪ್ರಶ್ನೆಯನ್ನು ಕುರಿತು ಭಕ್ತರೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ಅವಶ್ಯವೆಂದು ನಮಗೆ ತೋರಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕವೆಂಬುದು ಪುರುಷರಿಗೆ ಮಾತ್ರ ಮೀಸಲಾದ ವ್ರತವಾಗಿರಲಿಲ್ಲ. ಕದಿರೆ ರೆಮ್ಮವ್ವೆ ನೂಲು ತೆಗೆಯುತ್ತಿದ್ದಳು. ಸತ್ಯಕ್ಕ ಅಂಗಳ ಗುಡಿಸುತ್ತಿದ್ದಳು. ಗಂಡನ ಕಾಯಕದಲ್ಲಿ ಪಾಲುಗೊಂಡವರೂ ಇದ್ದರು, ತಮ್ಮದೇ ಕಾಯಕದಿಂದ ಹೆಸರಾದವರೂ ಇದ್ದರು. ಸ್ತ್ರೀಗೂ ಇಷ್ಟಲಿಂಗದ ಅಧಿಕಾರವನ್ನಿತ್ತ ಧರ್ಮವು ಆಕೆಗೆ ಕಾಯಕದ ಅಧಿಕಾರವನ್ನೂ ಇತ್ತುದು ಸಹಜವೇ ಸರಿ. ಹೀಗಿರುವಲ್ಲಿ ಪತಿಯೊಡನೆ ಕಡಲು ದಾಟಿದ ಮಾತ್ರಕ್ಕೆ ಆಕೆಯ ಕಾಯಕ ದಡದಲ್ಲಿಯೇ ಉಳಿಯಬೇಕೆ?

ನಮ್ಮ ಭಕ್ತರೊಬ್ಬರ ಮಗಳು ದಾವಣಗೆರೆಯ ಕಡೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದಳು. ಪತಿ ಗಣಕಯಂತ್ರದ ಇಂಜಿನಿಯರ್. ಕಂಪನಿಯು ಅವನನ್ನು ಜಪಾನಿಗೆ ಕಳುಹಿಸಿತು; ಈಕೆ ರಾಜೀನಾಮೆ ಕೊಟ್ಟು ಹಿಂಬಾಲಿಸಿದಳು. ಟೋಕಿಯೊ ನಗರದ ಎಡೊಗಾವಾ ವಾರ್ಡಿನಲ್ಲಿ ನಿಶಿಕಸಾಯಿ ಎಂಬ ಬಡಾವಣೆಯಿದೆ. 2000ನೆಯ ಇಸವಿಯ ಆಸುಪಾಸಿನಿಂದ ಭಾರತದ ಗಣಕ ತಜ್ಞರು ನೆಲೆಸುತ್ತ ಬಂದ ಸ್ಥಳವದು. ಇವರೂ ಅಲ್ಲಿಯೇ ಮನೆ ಹಿಡಿದರು. ನಾಲ್ಕು ವರ್ಷಗಳ ಅನಂತರ ರಜೆಯಲ್ಲಿ ಊರಿಗೆ ಬಂದಾಗ ಶ್ರೀಮಠಕ್ಕೆ ಬಂದು ಆಕೆ ಹೇಳಿದ ವೃತ್ತಾಂತವೇ ಈ ಬರಹಕ್ಕೆ ಆಧಾರ. "ಬುದ್ಧೀ, ಮೊದಲ ಆರು ತಿಂಗಳು ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಎಲ್ಲ ಕಾಗದದಲ್ಲೂ ನಾನು ಇಂಥವರ ಅವಲಂಬಿ ಅಷ್ಟೆ" ಎಂದಳು. ಆ ಮಾತು ನಮ್ಮ ಮನಸ್ಸಿನಲ್ಲಿ ಬಹಳ ದಿನ ನಿಂತಿತು.

ಆಕೆಗೆ ದೊರೆತಿದ್ದ ವಾಸದ ಅನುಮತಿಯೇ ಅವಲಂಬಿತರದು. ಜಪಾನಿನಲ್ಲಿ ಈ ಅನುಮತಿಯುಳ್ಳವರು ಹಾಗೆಯೇ ಸಂಬಳಕ್ಕೆ ಸೇರುವಂತಿಲ್ಲ. ವಲಸೆ ಕಚೇರಿಗೆ ಅರ್ಜಿ ಕೊಟ್ಟು ಬೇರೆಯಾಗಿ ಒಪ್ಪಿಗೆ ಪಡೆಯಬೇಕು. ಪಡೆದ ಮೇಲೂ ವಾರಕ್ಕೆ 28 ಗಂಟೆಗಳ ಮಿತಿಯುಂಟು. ದೇಶದೇಶಗಳ ನಿಯಮ ಬೇರೆ ಬೇರೆ. ಜರ್ಮನಿಯಲ್ಲಿ ಕುಟುಂಬದೊಡನೆ ಬಾಳಲು ವಾಸದ ಪರವಾನಗಿ ಪಡೆದ ಪತ್ನಿಗೆ ದುಡಿಯುವ ಹಕ್ಕು ಅದರೊಡನೆಯೇ ಬರುತ್ತದೆ. ಅಮೆರಿಕೆಯಲ್ಲಿ ಎಚ್-1ಬಿ ನೌಕರರ ಪತ್ನಿಯರಿಗೆ ಬಹುಕಾಲ ಈ ಬಾಗಿಲು ಮುಚ್ಚಿಯೇ ಇತ್ತು. ಕಾಯಂ ವಾಸದ ಹಾದಿಯಲ್ಲಿ ನಿಶ್ಚಿತ ಹಂತವನ್ನು ದಾಟಿದ ಕುಟುಂಬಗಳಿಗೆ ಮಾತ್ರ 2015ರ ಮೇ ತಿಂಗಳಲ್ಲಿ ಅದು ತೆರೆಯಿತು. ಆದಕಾರಣ ಪಯಣಕ್ಕೆ ಮುಂಚೆಯೇ ಇದನ್ನು ತಿಳಿದುಕೊಳ್ಳುವುದು ವಿವೇಕ. ನಾಲ್ಕು ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿ ಹಣ ಪಡೆದರೆ ಯಾರು ಕೇಳುತ್ತಾರೆಂಬ ಉಡಾಫೆ ಸಲ್ಲದು. ಆತಿಥ್ಯ ಕೊಟ್ಟ ನಾಡಿನ ಕಾಯಿದೆಯನ್ನು ಮರೆಮಾಚಿ ಗಳಿಸಿದ ಹಣ ಕಾಯಕದ ಹಣವಾಗಲಾರದು. ಸಿಕ್ಕಿಬಿದ್ದರೆ ಪತಿಪತ್ನಿಯರಿಬ್ಬರ ನೆಲೆಯೂ ಅಲುಗುತ್ತದೆ. ಈ ಮಗಳು ಒಪ್ಪಿಗೆ ಕೈಸೇರುವವರೆಗೆ ಒಂದು ಯೆನ್ನನ್ನೂ ಮುಟ್ಟಲಿಲ್ಲವೆಂದು ಕೇಳಿ ನಮಗೆ ಸಂತೋಷವಾಯಿತು.

ಒಪ್ಪಿಗೆ ದೊರೆತ ಮೇಲೆ ಎರಡನೆಯ ತೊಡಕು ಎದುರಾಯಿತು. ಇಂಗ್ಲಿಷ್ ಕಲಿಸುವವರಿಗೆ ಜಪಾನಿನಲ್ಲಿ ಬೇಡಿಕೆ ಇಲ್ಲದಿಲ್ಲ. 2020ರಿಂದ ಅಲ್ಲಿಯ ಪ್ರಾಥಮಿಕ ಶಾಲೆಯ ಐದು ಮತ್ತು ಆರನೆಯ ತರಗತಿಗಳಲ್ಲಿ ಅದು ಅಂಕ ಕೊಡುವ ವಿಷಯವಾಗಿದೆ. ಮೂರನೆಯ ತರಗತಿಯಿಂದಲೇ ಮಾತಿನ ಅಭ್ಯಾಸ ಆರಂಭವಾಗುತ್ತದೆ. ಸಂಭಾಷಣೆ ಕಲಿಸುವ ಖಾಸಗಿ ಶಾಲೆಗಳೂ ಅನೇಕ. ಆದರೆ ಜಾಹೀರಾತುಗಳಲ್ಲಿ ಪದೇ ಪದೇ ಕಾಣುವ ಷರತ್ತು ಒಂದೇ: ಇಂಗ್ಲಿಷ್ ಮಾತೃಭಾಷೆಯಾಗಿರುವವರು ಬೇಕು. ಒಂದು ಸಂಸ್ಥೆಯವರು ದೂರವಾಣಿಯಲ್ಲಿ ಐದು ನಿಮಿಷ ಚೆನ್ನಾಗಿ ಮಾತನಾಡಿ, ಯಾವ ದೇಶದವರೆಂದು ಕೇಳಿ, ಉತ್ತರ ಬಂದೊಡನೆ ಸ್ಥಳ ಭರ್ತಿಯಾಗಿದೆಯೆಂದರಂತೆ. ಹತ್ತು ವರ್ಷ ಇಂಗ್ಲಿಷ್ ಸಾಹಿತ್ಯವನ್ನು ಓದಿ ಬೋಧಿಸಿದ ಆ ಮಗಳಿಗೆ ತನ್ನ ವಿದ್ಯೆಯೇ ಸುಳ್ಳೆಂಬ ಭಾವ ಕವಿಯಿತು.

ಇಲ್ಲಿ ಒಂದು ವಿಚಾರವನ್ನು ನಾವು ಬಿಡಿಸಿ ಹೇಳಬೇಕಾಗಿದೆ. ಭಾಷೆಯನ್ನು ಬಲ್ಲುದು ಬೇರೆ, ಕಲಿಸಬಲ್ಲುದು ಬೇರೆ. ನಮಗೆ ಹಸಿವಾದಾಗ 'ನಾನು' ಎನ್ನದೆ 'ನನಗೆ ಹಸಿವಾಗಿದೆ' ಎಂದು ಚತುರ್ಥಿ ವಿಭಕ್ತಿಯನ್ನು ಏಕೆ ಬಳಸುತ್ತೇವೆಂದು ಪರಕೀಯನೊಬ್ಬ ಕೇಳಿದರೆ, ಹುಟ್ಟಾ ಕನ್ನಡಿಗರಲ್ಲಿ ಎಷ್ಟು ಮಂದಿ ಉತ್ತರಿಸಬಲ್ಲರು? ತಾಯಿಯ ಮಡಿಲಲ್ಲಿ ಬಂದುದಕ್ಕೆ ಕಾರಣ ಹುಡುಕುವ ಪ್ರಮೇಯ ಅವರಿಗೆ ಬಂದಿರುವುದಿಲ್ಲ. ಕಷ್ಟಪಟ್ಟು ಕಲಿತವನಿಗೆ ಮಾತ್ರ ಎಡವುವ ಕಲ್ಲು ಎಲ್ಲಿದೆಯೆಂಬುದು ಗೊತ್ತು. 1853ರಲ್ಲಿ ನಮ್ಮ ನಾಡಿಗೆ ಬಂದ ಜರ್ಮನಿಯ ಫರ್ಡಿನಾಂಡ್ ಕಿಟೆಲ್ ಕನ್ನಡವನ್ನು ತೊಟ್ಟಿಲಲ್ಲಿ ಕಲಿತವನಲ್ಲ. ಆದರೂ 1894ರಲ್ಲಿ ಹೊರಬಂದ ಆತನ ಕನ್ನಡ-ಇಂಗ್ಲಿಷ್ ನಿಘಂಟನ್ನು ನಮ್ಮ ಪಂಡಿತರು ಇಂದಿಗೂ ತೆರೆದು ನೋಡುತ್ತಾರೆ. ಮಾತೃಭಾಷೆಯಲ್ಲವೆಂದು ಅವನನ್ನು ಅಂದು ಬಾಗಿಲಲ್ಲೇ ತಡೆದಿದ್ದರೆ ನಷ್ಟ ಯಾರದಾಗುತ್ತಿತ್ತು?

ಆ ಮಗಳಿಗೆ ಬಲ ಒದಗಿದ್ದು ಇದೇ ದಾರಿಯಿಂದ. ಕೆಲಸ ಹುಡುಕುವುದನ್ನು ಕೆಲಕಾಲ ಬದಿಗಿಟ್ಟು, ಸ್ವಯಂಸೇವಕರು ನಡೆಸುವ ಜಪಾನೀ ಭಾಷೆಯ ತರಗತಿಗೆ ಅವಳು ಸೇರಿದಳು. ಅಲ್ಲಿ ಕಂಡುದು ಅವಳಿಗೆ ಅಚ್ಚರಿಯನ್ನುಂಟುಮಾಡಿತು. ಕನ್ನಡದಂತೆಯೇ ಜಪಾನಿಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಾವು 'ಮೇಜಿನ ಮೇಲೆ' ಎನ್ನುವ ಕ್ರಮದಲ್ಲಿಯೇ ಅವರು 'ತ್ಸುಕುಎ ನೊ ಉಎ ನಿ' ಎನ್ನುತ್ತಾರೆ. 'ನಿನ್ನೆ ಬಂದ ಮನುಷ್ಯ' ಎಂಬುದು 'ಕಿನೋ ಕಿತ ಹಿತೊ' ಎಂದು ಪದಕ್ಕೆ ಪದ ಹೊಂದುತ್ತದೆ. ನಾವು ಬಸ್ಸಿಗೆ ಉಕಾರ ಹಚ್ಚಿ 'ಬಸ್ಸು' ಮಾಡಿಕೊಂಡಂತೆ ಅವರೂ 'ಬಸು' ಮಾಡಿಕೊಂಡಿದ್ದಾರೆ. ಇಂಗ್ಲಿಷಿನ 'ಎ' ಮತ್ತು 'ದಿ' ಎಂಬ ಉಪಪದಗಳು ಇಬ್ಬರಿಗೂ ಹೊರಗಿನವು. ಅಂದಮೇಲೆ ಜಪಾನೀ ಬಾಲಕ ಇಂಗ್ಲಿಷಿನಲ್ಲಿ ಎಡವುವ ಬಹುತೇಕ ಜಾಗಗಳಲ್ಲಿ ದಾವಣಗೆರೆಯ ಬಾಲಕನೂ ಎಡವಿದ್ದಾನೆ. ಅವನನ್ನು ಎತ್ತಿ ನಿಲ್ಲಿಸುವ ಬಗೆ ಈಕೆಗೆ ಕರಗತವಾಗಿತ್ತು. ರಕಾರ ಲಕಾರಗಳ ಭೇದ ಅವರಿಗೆ ಕಠಿಣ, ನಮಗಲ್ಲ. ಇಂಗ್ಲಿಷಿನ ಎರಡು ಬಗೆಯ ವಕಾರಗಳು ಮಾತ್ರ ನಮಗೂ ಕಠಿಣ. ತನ್ನ ಈ ದೋಷವನ್ನು ತಿದ್ದಿಕೊಳ್ಳಲು ಅವಳು ತಿಂಗಳುಗಟ್ಟಲೆ ಅಭ್ಯಾಸ ಮಾಡಿದಳಂತೆ.

ಅದೇ ತರಗತಿಯಲ್ಲಿ ಪರಿಚಿತಳಾದ ಜಪಾನೀ ಮಾತೆಯೊಬ್ಬಳು ತನ್ನ ಮಗನಿಗೆ ಐಕೆನ್ ಎಂಬ ಇಂಗ್ಲಿಷ್ ಪರೀಕ್ಷೆಯಿದೆಯೆಂದೂ ಬರವಣಿಗೆಯಲ್ಲಿ ಗೆದ್ದರೂ ಸಂದರ್ಶನಕ್ಕೆ ಅಂಜುತ್ತಾನೆಂದೂ ಹೇಳಿಕೊಂಡಳು. 1963ರಿಂದ ನಡೆದುಬಂದಿರುವ ಈ ಪರೀಕ್ಷೆಯ ಮೇಲಿನ ದರ್ಜೆಗಳಲ್ಲಿ ಎದುರಿಗೆ ಕುಳಿತು ಮಾತನಾಡಬೇಕಾಗುತ್ತದೆ. ನಮ್ಮ ಮಗಳು ಅವನನ್ನು ಸ್ನೇಹದಿಂದ ಸಿದ್ಧಗೊಳಿಸಿದಳು, ಹುಡುಗ ತೇರ್ಗಡೆಯಾದ. ಸುದ್ದಿ ಬಾಯಿಂದ ಬಾಯಿಗೆ ಹರಡಿ, ಪಕ್ಕದ ಬಡಾವಣೆಯ ಸಂಜೆಪಾಠದ ಸಣ್ಣ ಶಾಲೆಯೊಂದು ಅವಳನ್ನು ಕರೆಸಿ, ಒಂದು ಪಾಠ ಮಾಡಿ ತೋರಿಸೆಂದಿತು. ಯಾವ ದೇಶವೆಂದು ಅವರು ಕೇಳಿದ್ದು ಪಾಠ ಮುಗಿದ ಮೇಲೆ. ಈಗ ಆಕೆ ವಾರಕ್ಕೆ ಹದಿನೆಂಟು ಗಂಟೆ ಅಲ್ಲಿ ಕಲಿಸುತ್ತಾಳೆ.

ಇಂಥ ಪಯಣಕ್ಕೆ ಸಿದ್ಧರಾಗುತ್ತಿರುವ ಸೋದರಿಯರಿಗೆ ಅನುಭವದಿಂದ ಬಂದ ಕೆಲವು ಮಾತುಗಳನ್ನು ತಿಳಿಸಲು ಆಕೆಯೇ ಕೋರಿದ್ದಾಳೆ. ಪದವಿಪತ್ರಗಳು, ಅಂಕಪಟ್ಟಿಗಳು, ಸೇವೆ ಸಲ್ಲಿಸಿದ ಕಾಲೇಜಿನ ಪ್ರಮಾಣಪತ್ರ ಇವುಗಳ ಮೂಲಪ್ರತಿಗಳು ಜೊತೆಯಲ್ಲಿರಲಿ. ಯಾವ ಮಾಧ್ಯಮದಲ್ಲಿ ಓದಿದಿರೆಂಬ ದೃಢೀಕರಣವನ್ನೂ ಶಾಲೆಗಳಿಂದ ಪಡೆದಿರಿ. ಏಕೆಂದರೆ ಜಪಾನಿನ ಶಾಲೆಗಳಲ್ಲಿ ಪೂರ್ಣಾವಧಿ ಭಾಷಾಬೋಧಕರಿಗೆಂದು ಇರುವ ವಾಸದ ಅನುಮತಿಗೆ, ಕಲಿಸುವ ಭಾಷೆಯ ಮಾಧ್ಯಮದಲ್ಲಿಯೇ 12 ವರ್ಷ ಶಿಕ್ಷಣ ಪಡೆದಿರಬೇಕೆಂಬ ನಿಯಮವಿದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದರಿಂದ ಎದೆಗುಂದಬೇಕಾಗಿಲ್ಲ. ಖಾಸಗಿ ಭಾಷಾಶಾಲೆಗಳ ಅಲ್ಪಾವಧಿ ಕೆಲಸದ ಮಾರ್ಗ ಅವರಿಗೂ ತೆರೆದಿದೆ. ಬಿಡುವಿದ್ದವರು ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವ ತರಬೇತಿಯೊಂದನ್ನು ಮುಗಿಸಿಕೊಂಡೇ ಹೊರಡಲಿ. ಕೇಂಬ್ರಿಜ್‌ನವರ ಸೆಲ್ಟಾ ಎಂಬ ತರಬೇತಿಯಲ್ಲಿ ಸುಮಾರು 120 ಗಂಟೆಗಳ ಅಭ್ಯಾಸವೂ, ನಿಜವಾದ ವಿದ್ಯಾರ್ಥಿಗಳಿಗೆ 6 ಗಂಟೆಗಳ ಪಾಠವೂ ಸೇರಿವೆ. ಕೇವಲ ಹಣ ಪಡೆದು ಕಾಗದ ಕೊಡುವ ತರಬೇತಿಗಳಿಂದ ದೂರವಿರುವುದು ಲೇಸು.

ಇಷ್ಟನ್ನು ಕೇಳಿದ ಆಕೆಯ ಬಂಧುಗಳೊಬ್ಬರು ನಮ್ಮ ಎದುರಿನಲ್ಲಿಯೇ "ಗಂಡನ ಸಂಬಳ ಸಾಲದೇನಮ್ಮ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ ಮಾತು. ಆದರೆ ಕಾಯಕವು ಕೊರತೆ ತುಂಬಲು ಮಾತ್ರ ಇರುವುದಾದರೆ ಸಿರಿವಂತನಿಗೆ ಕಾಯಕವೇ ಬೇಡವೆಂದಾಗುವುದಷ್ಟೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ತಿಳಿಹೇಳಿದವಳು ಆತನ ಪತ್ನಿ ಲಕ್ಕಮ್ಮ. ಆಕೆ ಅಕ್ಕಿಯ ಲೆಕ್ಕವನ್ನು ನೋಡಲಿಲ್ಲ, ಕಾಯಕದ ಶುದ್ಧಿಯನ್ನು ನೋಡಿದಳು. ಹೆಚ್ಚಿನ ಹಣದ ಆಸೆ ಹೇಗೆ ಕಾಯಕವಲ್ಲವೋ, ಹಣ ಸಾಕಷ್ಟಿದೆಯೆಂದು ಕೈಕಟ್ಟಿ ಕೂಡುವುದೂ ಹಾಗೆಯೇ ಕಾಯಕವಲ್ಲ. ಆ ಮಗಳು ಬಂಧುವಿಗೆ ಕೊಟ್ಟ ಉತ್ತರವೂ ಇದಕ್ಕೆ ಹತ್ತಿರವಾಗಿತ್ತು: "ಸಾಲುತ್ತೆ ದೊಡ್ಡಪ್ಪ. ನಾನು ಕಲಿತದ್ದನ್ನು ಯಾರಿಗೆ ಕೊಡಲಿ ಅನ್ನೋದೇ ಚಿಂತೆಯಾಗಿತ್ತು."

ಕಾಯಿದೆಯೇ ಸಂಬಳದ ಕೆಲಸಕ್ಕೆ ಅಡ್ಡಬರುವ ದೇಶಗಳಲ್ಲಿ ವಿದ್ಯಾದಾಸೋಹದ ದಾರಿಯಿದೆ. ಅಲ್ಲಿಯ ಕನ್ನಡಿಗರ ಮಕ್ಕಳಿಗೆ ವಾರಕ್ಕೊಮ್ಮೆ ಅಕ್ಷರ ತಿದ್ದಿಸುವುದು ಸಣ್ಣ ಸೇವೆಯಲ್ಲ. ಪತಿಯಾದವನು ಕಚೇರಿಯಿಂದ ಬಂದು ಪತ್ನಿಯ ಪಾಠದ ಹೊತ್ತಿಗೆ ಮಗುವನ್ನು ನೋಡಿಕೊಂಡರೆ ಅದೂ ದಾಸೋಹವೇ.

ಇನ್ನು ಮುಂದೆ ವಿವಾಹದ ಮಾತಿಗೆ ಕೂಡುವ ಹಿರಿಯರು ವರನ ಸಂಬಳವನ್ನು ಕೇಳುವ ಹೊತ್ತಿನಲ್ಲಿಯೇ ಸೊಸೆಯಾಗಿ ಬರುವವಳ ಕಾಯಕದ ಪ್ರಶ್ನೆಯನ್ನೂ ಎತ್ತಲಿ. ವರನೇ ಅದನ್ನು ಮೊದಲು ಎತ್ತಿದರೆ ಇನ್ನೂ ಮೇಲು. ಕಡಲಾಚೆ ಬಾಳುತ್ತಿರುವ ನಮ್ಮ ಹೆಣ್ಣುಮಕ್ಕಳ ವಿದ್ಯೆ ಅಲ್ಲಿಯ ಮಕ್ಕಳಿಗೆ ಬೆಳಕಾಗಲಿ, ಅವರ ಬಾಳಿಗೆ ಗೌರವ ತರಲಿ ಎಂದು ಹಾರೈಸುತ್ತೇವೆ.