ಆಷಾಢದಲ್ಲಿ ಜಾವಾ

ಹೋದ ಆಷಾಢದಲ್ಲಿ ನಮ್ಮ ಮನೆಯ ಹೇರ್ ಡ್ರೈಯರ್ ಕಾಣೆಯಾಯಿತು. ಹೆಂಡತಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಎಲ್ಲರನ್ನೂ ಅನುಮಾನದಿಂದ ನೋಡುತ್ತಿದ್ದಳು. ಹುಡುಕುತ್ತ ಹಿತ್ತಲಿನ ತಗಡಿನ ಶೆಡ್ಡಿಗೆ ಹೋದರೆ ತಂಗಿಯ ಮಗ ಅದನ್ನು ಪೆಟ್ರೋಲ್ ಟ್ಯಾಂಕಿಗೆ ಹಿಡಿದು ಕೂತಿದ್ದ.

"ಮಾಮಾ, ಒಂದ್ ತಾಸಾತು, ಇನ್ನೂ ಅಂಟತೈತಿ" ಎಂದ.

ಅಂಟದೆ ಏನು ಮಾಡೀತು? ಗೋವಾದ ಝುವಾರಿನಗರದ ಆಷಾಢದಲ್ಲಿ ಅಂಗಿ ಒಣಗಲು ಮೂರು ದಿನ ಬೇಕು. ಡಬ್ಬಿಯ ಉಪ್ಪು ನೀರಾಗಿರುತ್ತದೆ, ಕಡ್ಡಿ ಗೀರಿದರೆ ಮದ್ದಷ್ಟೇ ಉದುರುತ್ತದೆ. ಇಂಥ ಊರಲ್ಲಿ, ಇಂಥ ತಿಂಗಳಲ್ಲಿ, ಹುಡುಗ ಅಜ್ಜನ ಜಾವಾ ಬೈಕಿಗೆ ನೀರಿನ ಬಣ್ಣ ಹೊಡೆಯಲು ಹೊರಟಿದ್ದ. ಥಿನ್ನರ್ ಇಲ್ಲ, ಡ್ಯೂಕೋ ಇಲ್ಲ. ಹಾಲಿನಷ್ಟು ತೆಳ್ಳಗೆ ನೀರಲ್ಲಿ ಕಲಸಿ, ಪೆನ್ನಿನಂಥ ಏರ್‌ಬ್ರಷ್‌ನಲ್ಲಿ ಊದುವ ಬಣ್ಣ.

ಅಪ್ಪ ಗುಳೇದಗುಡ್ಡದಿಂದ ಇಲ್ಲಿಗೆ ಬಂದದ್ದು 1974ರಲ್ಲಿ, ಬಿರ್ಲಾರ ಗೊಬ್ಬರದ ಕಾರ್ಖಾನೆ ಶುರುವಾದ ಮರುವರ್ಷ. ಬಸ್ಸಿನವರು ಇವತ್ತಿಗೂ ಈ ಊರನ್ನು ಬಿರ್ಲಾ ಎಂದೇ ಕೂಗುತ್ತಾರೆ. ಬಂದ ಮೂರನೆಯ ವರ್ಷ ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ಜಾವಾ ಕೊಂಡು, ಅನಮೋಡ ಘಾಟಿನಲ್ಲಿ ಇಳಿಸಿಕೊಂಡು ಬಂದರು. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಗಾಡಿ. ಇರಾನಿ ಮನೆತನದವರು 1961ರಲ್ಲಿ ಅಲ್ಲಿ ತಯಾರಿಸಲು ತೊಡಗಿದ್ದು; 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಕಡ್ಡಿಯಲ್ಲಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. "ಒಂದ ಬಾಯಿ, ಎರಡ ಮೂಗು" ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರು. ಹತ್ತಾರು ವರ್ಷ ಅದು ಜೈ ಕಿಸಾನ್ ಗೊಬ್ಬರದ ಚೀಲಗಳನ್ನು ಹೊಲಿದು ಮಾಡಿದ ಹೊದಿಕೆಯೊಳಗೆ ಮಲಗಿತ್ತು. ಊರ ಕಡೆ ಅದೇ ಚೀಲ ಮಳೆಗೆ ಕೊಪ್ಪೆಯಾಗುತ್ತಿತ್ತು, ಇಲ್ಲಿ ಜಾವಾಕ್ಕೆ ಕೊಪ್ಪೆಯಾಯಿತು.

ಹುಡುಗ ಮೊದಲು ಮುಂದಿನ ಮಡ್‌ಗಾರ್ಡ್ ಉಜ್ಜಲು ಕೂತ. ವಾಟರ್ ಪೇಪರನ್ನು ಬಕೆಟ್ಟಿಗೆ ಅದ್ದಿ ಅದ್ದಿ ಉಜ್ಜಿದಂತೆ ನಮ್ಮ ಮನೆತನದ ಚರಿತ್ರೆ ಒಂದೊಂದೇ ಪದರವಾಗಿ ಬಿಚ್ಚಿಕೊಂಡಿತು. ಮೇಲೆ ಕಪ್ಪು. ಅದರ ಕೆಳಗೆ ಹಳದಿ: ಕಾಕಾ ವಾಸ್ಕೋದಲ್ಲಿ ಪೈಲಟ್ ಆಗಿದ್ದ ದಿನಗಳದ್ದು. ಗೋವಾದಲ್ಲಿ ಪೈಲಟ್ ಎಂದರೆ ವಿಮಾನದವನಲ್ಲ, ಬಾಡಿಗೆಗೆ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವವನು. ಹಳದಿ ಮಡ್‌ಗಾರ್ಡೇ ಅವನ ಗುರುತು. ಹಳದಿಯ ಕೆಳಗೆ ನೀಲಿ, ಅಪ್ಪ ಕಿಟಕಿಗೆ ತಂದು ಉಳಿದ ಎನಾಮಲ್ಲನ್ನು ಬ್ರಷ್ಷಿನಲ್ಲಿ ಬಳಿದದ್ದು. ಬ್ರಷ್ಷಿನ ಒಂದು ಕೂದಲು ಆ ನೀಲಿಯಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ಅದರಡಿ ಮೈಸೂರಿನ ಕಡುಗೆಂಪು, ಆಮೇಲೆ ಬೂದು ಪ್ರೈಮರ್, ಆಮೇಲೆ ಕಬ್ಬಿಣ. ಎಲ್ಲವೂ ಸೇರಿ ಒಂದು ಬೆರಳುಗುರಿನ ದಪ್ಪವಿಲ್ಲ.

ಆ ಕಡುಗೆಂಪಿನ ಮೇಲೆ ವಾರವಿಡೀ ಜಗಳ ನಡೆಯಿತು. ಹುಡುಗ ಕಲಸಿದ್ದನ್ನೆಲ್ಲ ಅಪ್ಪ ತಳ್ಳಿಹಾಕಿದರು. "ಬ್ಯಾಡಗಿ ಖಾರಪುಡಿ ಬಣ್ಣ ಅಲ್ಲಲೇ ಅದು, ಒಣಗಿದ ಕಾಯಿ ಬಣ್ಣ." ಕೊನೆಗೆ ಟ್ಯಾಂಕನ್ನು ಮಗುಚಿದಾಗ, ಬಿಸಿಲು ಕಾಣದ ಹೊಟ್ಟೆಯಡಿಯಲ್ಲಿ ಅಂಗೈಯಷ್ಟು ಹಳೆಯ ಬಣ್ಣ ಹಾಗೇ ಉಳಿದಿತ್ತು. ಒಣಗಿದ ಬ್ಯಾಡಗಿ ಕಾಯಿಯೇ.

ಬಣ್ಣ ಗೆದ್ದರೂ ಅಪ್ಪನ ತಕರಾರು ನಿಲ್ಲಲಿಲ್ಲ. "ವಾಸನೀನ ಇಲ್ಲಲ್ಲೋ ಇದಕ. ಇದೆಂಥಾ ಬಣ್ಣ?"

ಅವರನ್ನು ಒಲಿಸಲು ನಾನು ಸ್ಟ್ಯಾನ್ಲಿಯ ಕತೆ ತೆಗೆದೆ. ಈ ಕತೆಯ ಮೇಲೆ ನನಗೆ ಅತಿಯಾದ ಮೋಹ, ಯಾರು ಸಿಕ್ಕರೂ ಹೇಳುತ್ತೇನೆ. 1876ರಲ್ಲಿ ಬಣ್ಣ ಊದುವ ಒಂದು ಸಾಧನಕ್ಕೆ ಪೇಟೆಂಟ್ ಪಡೆದವನು ಅಮೆರಿಕದ ಫ್ರಾನ್ಸಿಸ್ ಎಡ್ಗರ್ ಸ್ಟ್ಯಾನ್ಲಿ, ಭಾವಚಿತ್ರದ ಕಸುಬಿನವನು. ಅದನ್ನೇ ನೆಚ್ಚಿಕೊಂಡು ಕೂತಿದ್ದರೆ ನಮಗೇನೂ ಆಗಬೇಕಾಗಿರಲಿಲ್ಲ. ಆದರೆ ಅವನೂ ಅವನ ಅವಳಿ ಸೋದರ ಫ್ರೀಲನ್ನನೂ ಸೇರಿ 1897ರಲ್ಲಿ ಉಗಿಯಿಂದ ಓಡುವ ಕಾರು ಮಾಡಿದರು! ಬಾಯ್ಲರಿಗೆ ನೀರು ಕಡಿಮೆಯಾದರೆ ದಾರಿಯಲ್ಲಿ ಕುದುರೆಗಳಿಗೆ ಕಟ್ಟಿಸಿದ ತೊಟ್ಟಿಯ ಪಕ್ಕ ನಿಲ್ಲಿಸಿ, ಕೊಳವೆ ಇಳಿಬಿಟ್ಟು ಹೀರಿಸಿಕೊಳ್ಳುತ್ತಿದ್ದರಂತೆ. ಪಕ್ಕದಲ್ಲಿ ಕುಡಿಯುತ್ತಿದ್ದ ಕುದುರೆಯ ಮುಖ ಹೇಗಾಗಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ತನ್ನ ಕೆಲಸ ಕಿತ್ತುಕೊಳ್ಳುವವನು ತನ್ನ ತೊಟ್ಟಿಗೇ ಬಾಯಿ ಹಾಕುವುದೆಂದರೆ! 1906ರಲ್ಲಿ ಫ್ಲಾರಿಡಾದ ಕಡಲ ದಂಡೆಯಲ್ಲಿ ಇವರದೊಂದು ಉಗಿಕಾರು ಗಂಟೆಗೆ 205 ಕಿಲೋಮೀಟರ್ ಓಡಿತು. 1918ರಲ್ಲಿ ಫ್ರಾನ್ಸಿಸ್, ರಸ್ತೆಯಲ್ಲಿ ಜೋಡಿಯಾಗಿ ಬರುತ್ತಿದ್ದ ರೈತರ ಗಾಡಿಗಳನ್ನು ತಪ್ಪಿಸಲು ಹೋಗಿ, ಕಟ್ಟಿಗೆಯ ಒಟ್ಟಿಲಿಗೆ ಕಾರು ನುಗ್ಗಿಸಿ ತೀರಿಕೊಂಡ. ಬನಶಂಕರಿ ಜಾತ್ರೆಯ ದಾರಿಯಲ್ಲಿ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಬಣ್ಣ ಊದುವ ಯಂತ್ರಕ್ಕೂ ಗಾಡಿಗೂ ನೀರಿಗೂ ಹಳೆಯ ನಂಟಿದೆ ಎಂದು ನಾನು ವಾದ ಮುಗಿಸಿದೆ. ಅಪ್ಪ ತಾಳ್ಮೆಯಿಂದ ಕೇಳಿದರು. "ನೀರ ಕುಡಿಯೋ ಗಾಡಿಗೆ ನೀರಿನ ಬಣ್ಣ ಸರಿ. ಇದು ಎಣ್ಣಿ ಕುಡೀತೈತಿ" ಎಂದರು. ಪೆಟ್ರೋಲಿನ ಜೊತೆ ಎಣ್ಣೆ ಬೆರೆಸದಿದ್ದರೆ ಜಾವಾ ಮುನಿಯುತ್ತದೆನ್ನುವುದು ನಿಜ. ನಾನು ಸುಮ್ಮನಾದೆ.

ಹುಡುಗ ಸುಮ್ಮನಿರಲಿಲ್ಲ. ಅಜ್ಜಿಯ ಪೆಟ್ಟಿಗೆಯಿಂದ ಗುಳೇದಗುಡ್ಡದ ಹಳೇ ಖಣ ತೆಗೆದು, ಅದರ ತೇರಿನ ಬುಟ್ಟಾವನ್ನು ಕಾಗದದ ಮೇಲೆ ದೊಡ್ಡದು ಮಾಡಿ ಕತ್ತರಿಸಿಕೊಂಡ. ಕಾಗದವನ್ನು ಟ್ಯಾಂಕಿಗೆ ಅಂಟಿಸಿ, ಸುತ್ತ ಮಾಸ್ಕಿಂಗ್ ಟೇಪ್ ಹಾಕಿ, ಉಸಿರು ಬಿಗಿಹಿಡಿದು ದಂತದ ಬಣ್ಣ ಊದಿದ. ಸೂಜಿಮೊನೆಯಲ್ಲಿ ಬಣ್ಣ ಒಣಗಿ ಕಟ್ಟಿಕೊಂಡಾಗೆಲ್ಲ ಒದ್ದೆ ಕಡ್ಡಿಯಿಂದ ಒರೆಸುತ್ತಿದ್ದ. ಟ್ಯಾಂಕಿನ ಮೇಲೆ ಒಣಗದೆ ಸತಾಯಿಸುವ ಬಣ್ಣ ಸೂಜಿಯ ತುದಿಯಲ್ಲಿ ಮಾತ್ರ ಕ್ಷಣದಲ್ಲಿ ಒಣಗುವುದು ನನಗಂತೂ ಅರ್ಥವಾಗಲಿಲ್ಲ. ಒಂದು ಕಡೆ ಆತುರಪಟ್ಟು ಎರಡನೇ ಕೈ ಹೊಡೆದದ್ದಕ್ಕೆ ಬಣ್ಣ ಇಳಿದು, ತೇರಿನ ಗಾಲಿಗೆ ಬಾಲ ಬಂತು. ಅದನ್ನು ಉಜ್ಜಿ ತೆಗೆಯೋಣವೆಂದರೆ ಅಪ್ಪ ಬಿಡಲಿಲ್ಲ. "ಹಗ್ಗ ಅದು. ತೇರಂದ್ರ ಎಳೀಬೇಕಲ್ಲ?"

ಈ ಬಣ್ಣಕ್ಕೆ ಒಂದು ದೌರ್ಬಲ್ಯವಿದೆ: ಮೇಲೆ ಪೆಟ್ರೋಲ್ ತುಳುಕಿದರೆ ಕರಗಿಬಿಡುತ್ತದೆ. ಅದಕ್ಕೆ ಕೊನೆಗೆ ಗಟ್ಟಿ ಕ್ಲಿಯರ್ ಹೊಡೆಯಲೇಬೇಕು, ಹುಡುಗ ತಂದದ್ದು ಥಿನ್ನರಿನದೇ. ಶ್ರಾವಣದ ಮೊದಲ ಬಿಸಿಲಿಗೆ ಶೆಡ್ಡಿನ ಬಾಗಿಲು ತೆರೆದಿಟ್ಟು, ಮೂಗುಬಾಯಿಗೆ ಗವಸು ಬಿಗಿದುಕೊಂಡು ಗನ್ ಎತ್ತಿದ. ಎರಡು ನಿಮಿಷದಲ್ಲಿ ಆ ಹಳೆಯ, ತಲೆಗೆ ಏರುವ ಘಾಟು ಹಿತ್ತಲು ದಾಟಿ ನಡುಮನೆಗೆ ಬಂತು. ಮಲಗಿದ್ದ ಅಪ್ಪ ಎದ್ದು, ಕೋಲು ಹಿಡಿದು ಮೆಟ್ಟಿಲ ತನಕ ಬಂದರು.

"ಈಗ ಬಂತ್ ನೋಡು" ಎಂದರು. ಗವಸಿನೊಳಗಿಂದ ಹುಡುಗ ಏನೋ ಕೂಗುತ್ತ, ಒಳಗೆ ಹೋಗಿ ಎಂದು ಎರಡೂ ಕೈ ಬೀಸುತ್ತಿದ್ದ. ಅಪ್ಪ ಅವನಿಗೆ ವಾಪಸು ಕೈ ಬೀಸಿದರು.