ಕದಡುವವರು ನಾವು

ನಮ್ಮವರ ಮೇಲೆ ಬರುವ ದೂರುಗಳಲ್ಲಿ ಇಂಗ್ಲಿಷಿನ ದೊಡ್ಡ ದೊಡ್ಡ ಶಬ್ದಗಳು ಇರ್ತವೆ. ನಾನು ಗುಮಾಸ್ತ, ಬಿ.ಎ. ಓದಿದವ. ಗೊತ್ತಿಲ್ಲದ ಶಬ್ದ ಸಿಕ್ಕಿದರೆ ಡಿಕ್ಷನರಿ ತೆಗೆಯುವ ಅಭ್ಯಾಸ ಉಂಟು. ಹಾಗೆ ನೋಡಿದ ಮೂರು ಶಬ್ದಗಳ ಬಗ್ಗೆ ಹೇಳ್ತೇನೆ.

ಒಂದು, ‘ಫೊಮೆಂಟ್’. ದಲಿತರು ಊರಲ್ಲಿ ಅಶಾಂತಿ ಫೊಮೆಂಟ್ ಮಾಡ್ತಾರೆ ಅಂತ ಬರೀತಾರೆ. ಅಂದ್ರೆ ಚಿತಾವಣೆ. ಆದರೆ ಮೂಲ ಲ್ಯಾಟಿನ್‌ನಲ್ಲಿ ಅದು ನೋವಿದ್ದ ಜಾಗಕ್ಕೆ ಬಿಸಿ ಶಾಖ ಕೊಡುವುದು. ನೋವು ಮೊದಲೇ ಇತ್ತು ಮಾರಾಯ್ರೇ, ನಾವು ಶಾಖ ಕೊಟ್ಟದ್ದು ಅಷ್ಟೆ.

ಎರಡು, ‘ಎಕ್ಸ್‌ಕೋರಿಯೇಟ್’. ಕಟುವಾಗಿ ಟೀಕಿಸುವುದು. ಮೂಲ ಅರ್ಥ ಚರ್ಮ ಸುಲಿಯುವುದು. ಸತ್ತ ದನದ ಚರ್ಮ ಸುಲಿಯುವ ಕೆಲಸ ನಮ್ಮ ಮೇಲೆ ಹೊರಿಸಿದವರಿಗೆ ನಮ್ಮ ಬಾಯಿಂದ ಒಂದು ಟೀಕೆ ತಡೆದುಕೊಳ್ಳಲಿಕ್ಕೆ ಆಗುದಿಲ್ಲ. 1973ರಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ‘ಬೂಸಾ’ ಅಂದರು. ಒಂದೇ ಶಬ್ದ. ಅವರ ಮಂತ್ರಿಗಿರಿ ಹೋಯ್ತು, ದಲಿತ ವಿದ್ಯಾರ್ಥಿಗಳಿಗೆ ಪೆಟ್ಟು ಬಿತ್ತು. ಹಾಗಾದರೆ ಚರ್ಮ ಸುಲಿದದ್ದು ಯಾರು?

ಮೂರನೆಯದು ನಮ್ಮದೇ ಶಬ್ದ, ‘ಅಜಿಟೇಟ್’. 1942ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಹೇಳಿದ ಕ್ರಮ: ಎಜುಕೇಟ್, ಅಜಿಟೇಟ್, ಆರ್ಗನೈಸ್. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿಯ ಸಭೆಗೆ ಹೋದರೂ ಬ್ಯಾನರಿನಲ್ಲಿ ನಾನು ಕಾಣುವುದು ‘ಶಿಕ್ಷಣ, ಸಂಘಟನೆ, ಹೋರಾಟ’. ನಡುವಿನ ಶಬ್ದ ಕೊನೆಗೆ ಹೋಗಿ ಹೋರಾಟ ಆಯ್ತು. ಹೋರಾಟ ಬೇಕೇ ಬೇಕು. ಆದರೆ ಅಜಿಟೇಟ್ ಅಂದರೆ ಮೊದಲು ಕದಡುವುದು, ಕಲಕುವುದು. ಸೌಟು ಹಾಕದಿದ್ದರೆ ಗಂಜಿ ತಳ ಹಿಡಿಯುದಿಲ್ವಾ, ಹಾಗೆ. ಓದಿದವನ ಮನಸ್ಸು ಕದಡಬೇಕು, ಆಮೇಲೆ ಸಂಘ. ಮನಸ್ಸು ಕದಡದೆ ಕಟ್ಟಿದ ಸಂಘ ಏಪ್ರಿಲ್ 14ಕ್ಕೆ ಫೋಟೋಗೆ ಹಾರ ಹಾಕಿ ಮನೆಗೆ ಹೋಗ್ತದೆ.

ನಮ್ಮ ಜಿಲ್ಲೆಯಲ್ಲೇ ನೋಡಿ. ಊಟಕ್ಕೆ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು, ಇದೆಲ್ಲ ‘ಅಜಲು’ ಅನ್ನುವ ಹೆಸರಲ್ಲಿ ಸಂಪ್ರದಾಯವಾಗಿ ನಡೀತಿತ್ತು. 2000ದ ಕಾಯ್ದೆ ಅದನ್ನು ಅಪರಾಧ ಅಂತ ಮಾಡಿತು. ಇದು ಕಟ್ಟುಕಟ್ಟಲೆ ಅಲ್ಲ, ಅವಮಾನ ಅಂತ ಕದಡಿದವರು ಇಲ್ಲದಿದ್ದರೆ ಆ ಕಾಯ್ದೆ ಬರ್ತಿತ್ತಾ?

ಮುಂದಿನ ಸಭೆಯಲ್ಲಿ ಭಾಷಣ ಸ್ವಲ್ಪ ಕಡಿಮೆ ಮಾಡುವ. ನಮ್ಮ ಕಾಲೊನಿಗಳಲ್ಲಿ, ನಮ್ಮ ಊರುಗಳಲ್ಲಿ ‘ಮೊದಲಿನಿಂದ ಹೀಗೇ’ ಅಂತ ನಡೆಯುವುದು ಎಂತೆಲ್ಲ ಉಂಟು, ಒಬ್ಬೊಬ್ಬರೇ ಎದ್ದು ಹೇಳುವ. ಹೆಂಗಸರು ಮೊದಲು.

ಜೈ ಭೀಮ್.