ಗೋಣಿಚೀಲದೊಳಗಿನ ಮುನ್ನಿ

ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ಅದಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ನರಕ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ) ತಿಳಿಸಿದ ಹದೀಸ್ ನಿಮಗೆಲ್ಲ ಗೊತ್ತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಅದಿದೆ. ಮದ್ರಸದಲ್ಲಿ ಪ್ರತಿವರ್ಷ ನಾನು ಅದನ್ನು ಮಕ್ಕಳಿಗೆ ಕಲಿಸುತ್ತೇನೆ. ಹಾಗೆ ಕಲಿಸುವ ನಾನೇ ಒಂದು ದಿನ ನಮ್ಮ ಮುನ್ನಿಯನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕೈವಾರದಿಂದ ಚಿಂತಾಮಣಿಯ ಬಸ್ಸು ಹತ್ತಿದೆ.

ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅದರ ಕಾಲಿನ ಗಾಯ ಕೀವಾಗಿತ್ತು, ಚಿಕಿತ್ಸೆ ಬೇಕಿತ್ತು. ಬಸ್ಸಿನಲ್ಲಿ ಸ್ವಲ್ಪ ಹೊತ್ತು ಕೂಗಿತು, ಆಮೇಲೆ ಸುಮ್ಮನಾಯಿತು. ಸದ್ಯ, ಸಮಾಧಾನವಾಯಿತು ಎಂದುಕೊಂಡೆ. ಡಾಕ್ಟರ ಮುಂದೆ ಚೀಲ ಬಿಚ್ಚಿದರೆ ಮೈಯೆಲ್ಲ ಒದ್ದೆ, ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. "ಬೆಕ್ಕು ಹೀಗೆ ಉಸಿರಾಡುವುದು ಅಪಾಯದ ಲಕ್ಷಣ. ಅದು ಸುಮ್ಮನಾಗಿದ್ದು ನೆಮ್ಮದಿಯಿಂದಲ್ಲ ಅಮ್ಮಾ, ಭಯದಿಂದ" ಎಂದರು ಡಾಕ್ಟರು. ಮರಳುವಾಗ ಮಗಳು ಮೆಲ್ಲಗೆ, "ಅಮ್ಮೀ, ಆ ಹದೀಸ್ ನಮಗೆ ಕಲಿಸಿದ್ದು ನೀವೇ ಅಲ್ವಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಬೆಕ್ಕಿಗೆ ತನ್ನ ಜಾಗ, ತನ್ನ ವಾಸನೆಯೇ ಧೈರ್ಯ. ಎರಡನ್ನೂ ಒಮ್ಮೆಲೇ ಕಿತ್ತುಕೊಂಡರೆ ಅದು ಹೆದರುತ್ತದೆ. ಆದ್ದರಿಂದ ಪ್ರಯಾಣದ ಸಿದ್ಧತೆ ಹೊರಡುವ ಗಳಿಗೆಯಲ್ಲಿ ಅಲ್ಲ, ವಾರಗಳ ಮೊದಲೇ ಶುರುವಾಗಬೇಕು. ನಮ್ಮ ಕಡೆ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟುಗಳಿಗೆ ಬರವಿಲ್ಲ. ಒಂದರೊಳಗೆ ಹಳೆಯ ದುಪಟ್ಟಾ ಹಾಸಿ ಮನೆಯ ಮೂಲೆಯಲ್ಲಿಟ್ಟೆ, ಅದರಲ್ಲೇ ತಿಂಡಿ ಹಾಕತೊಡಗಿದೆ. ಕೆಲವು ದಿನಗಳಲ್ಲಿ ಮುನ್ನಿ ಅಲ್ಲೇ ಮಲಗತೊಡಗಿತು. ಲಸಿಕೆಯ ದಿನ ಅದರ ಮೇಲೆ ಇನ್ನೊಂದು ಕ್ರೇಟು ಬೋರಲಿಟ್ಟು, ಹಗ್ಗದಿಂದ ಬಿಗಿದು, ತೆಳ್ಳನೆಯ ಟವೆಲ್ ಹೊದಿಸಿದೆ. ಹೊರಗಿನದು ಕಾಣಬಾರದು, ಗಾಳಿ ಆಡಬೇಕು. ವಾಂತಿಯಾಗದಿರಲೆಂದು ಹೊರಡುವ 3-4 ಗಂಟೆ ಮೊದಲೇ ಊಟ ನಿಲ್ಲಿಸಿದ್ದೆ, ನೀರು ಮಾತ್ರ ಇಟ್ಟಿದ್ದೆ.

ಆಸ್ಪತ್ರೆಯಲ್ಲಿ ಪೆಟ್ಟಿಗೆಯನ್ನು ನೆಲದ ಮೇಲಿಡಬೇಡಿ. ನಾಯಿಗಳಿಂದ ದೂರ, ತೊಡೆಯ ಮೇಲೋ ಬೆಂಚಿನ ಮೇಲೋ ಇರಲಿ. ಕತ್ತು ಹಿಡಿದು ಎಳೆಯಬೇಡಿ. ಮೇಲಿನ ಕ್ರೇಟು ತೆಗೆದರೆ ಕೆಳಗಿನದರಲ್ಲೇ ಕೂತಿರುವಾಗ ಡಾಕ್ಟರು ನೋಡಬಹುದು. ಮುನ್ನಿಗೆ ಹಾಗೇ ಸೂಜಿ ಹಾಕಿದರು. ವಿಪರೀತ ಹೆದರುವ ಬೆಕ್ಕಿಗೆ ಮುಂಚಿತವಾಗಿ ಕೊಡಲು ಪಶುವೈದ್ಯರೇ ಮಾತ್ರೆ ಬರೆದುಕೊಡುತ್ತಾರೆ. ಮನೆಯಲ್ಲಿರುವ ನಮ್ಮ ಮಾತ್ರೆಗಳನ್ನು ಎಂದೂ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಪ್ರಾಣವೇ ಹೋಗಬಹುದು.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಬಂದ ಕೂಡಲೇ ಜೊತೆ ಬಿಡಬೇಡಿ. ಆಸ್ಪತ್ರೆಯ ವಾಸನೆಗೆ ಅದು ಬುಸುಗುಟ್ಟಬಹುದು. ಸ್ವಲ್ಪ ಹೊತ್ತು ಬೇರೆ ಕೋಣೆಯಲ್ಲಿರಲಿ.

ಹ. ಅಬೂ ಕತಾದಾ(ರ) ವುಝೂ ಮಾಡಲು ಹೊರಟಾಗ ಬೆಕ್ಕೊಂದು ಬಂತಂತೆ. ಅದು ಕುಡಿಯಲೆಂದು ಅವರು ಪಾತ್ರೆಯನ್ನೇ ವಾಲಿಸಿ ಹಿಡಿದರು. ಅಚ್ಚರಿಯಿಂದ ನೋಡುತ್ತಿದ್ದ ಸೊಸೆ ಕಬ್ಶಾರಿಗೆ, ಬೆಕ್ಕು ಅಶುದ್ಧವಲ್ಲ, ನಿಮ್ಮ ಸುತ್ತ ಓಡಾಡಿಕೊಂಡಿರುವ ಜೀವಿಗಳಲ್ಲಿ ಅದೂ ಒಂದು ಎಂಬ ಪ್ರವಾದಿ(ಸ)ಯವರ ಮಾತನ್ನು ತಿಳಿಸಿದರು. ಪಾತ್ರೆ ವಾಲಿಸುವುದು ಎಷ್ಟು ಹೊತ್ತಿನ ಕೆಲಸ? ಆದರೆ ಅದಕ್ಕೆ ಮೊದಲು ಆ ಜೀವಿಯ ಬಾಯಾರಿಕೆ ನಮ್ಮ ಕಣ್ಣಿಗೆ ಬೀಳಬೇಕು. ಅಂದು ಮುನ್ನಿಯ ಗಾಯ ನನಗೆ ಕಂಡಿತ್ತು, ಭಯ ಕಂಡಿರಲಿಲ್ಲ.

ನಿಮ್ಮ ಮನೆಯಲ್ಲೂ ಬೆಕ್ಕಿದ್ದರೆ, ಕಾಯಿಲೆ ಬರುವವರೆಗೆ ಕಾಯದೆ ಇವತ್ತೇ ಒಂದು ಪೆಟ್ಟಿಗೆಯನ್ನು ಮೂಲೆಯಲ್ಲಿಡಿ.